ಜ್ವರ ಎಬ್ಬಿಸುವ ನೋವು

ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಬಸುರಿಗೆ ಚಳಿಜ್ವರ ಹತ್ತಿ, ಅದರ ಬೆನ್ನಿಗೇ ಹೊಟ್ಟೆ ಬಿಗಿಯತೊಡಗಿದರೆ ಗುಂಡ್ಲುಪೇಟೆ ಸೀಮೆಯ ಯಾವ ಮನೆಯಲ್ಲೂ ಆ ರಾತ್ರಿ ನಿದ್ದೆಯಿಲ್ಲ. ‘ಹೊಟ್ಟೆ ಕಲ್ಲಾಯ್ತು ಕಣವ್ವ, ನೋವು ಬಂದ್ಬುಡ್ತು’ ಅನ್ನುವಷ್ಟರಲ್ಲಿ ಒಬ್ಬರು ತಾಯಿ ಕಾರ್ಡ್ ಹುಡುಕುತ್ತಾರೆ, ಒಬ್ಬರು 108ಕ್ಕೆ ಫೋನ್ ಮಾಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ನರ್ಸ್, ಗರ್ಭಕೋಶದ ಬಾಯಿ ಇನ್ನೂ ತೆರೆದಿಲ್ಲ ಅನ್ನುತ್ತಾರೆ. ಜ್ವರಕ್ಕೆ ಮದ್ದು, ಕೈಗೆ ಡ್ರಿಪ್. ಜ್ವರ ಇಳಿದಂತೆ ಹೊಟ್ಟೆಯೂ ಸಡಿಲವಾಗುತ್ತದೆ. ಬಸುರಿ ಬಸುರಿಯಾಗಿಯೇ ಮನೆಗೆ ಮರಳುತ್ತಾಳೆ. ‘ಸುಳ್ಳು ನೋವಂತೆ’ ಎಂದು ಊರು ಆ ಸುದ್ದಿಯನ್ನು ಅಲ್ಲಿಗೇ ಬಿಡುತ್ತದೆ.

ಆ ಒಂದು ರಾತ್ರಿ ಅವಳ ಒಡಲಲ್ಲಿ ನಡೆದದ್ದೇನು ಎಂದು ತಿಳಿಯಲು ವೈದ್ಯಲೋಕಕ್ಕೆ ನೂರು ವರ್ಷ ಹಿಡಿಯಿತು. ತಿಳಿದದ್ದೂ ಚೂರು ಚೂರಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಊರುಗಳಲ್ಲಿ.

ಮೊದಲ ಚೂರು ಸಿಕ್ಕಿದ್ದು ಲಂಡನ್ನಿನಲ್ಲಿ. ಗೈಸ್ ಆಸ್ಪತ್ರೆಯ ಹೆರಿಗೆ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಸಸ್ಯಗಳ ಅಧ್ಯಯನದಲ್ಲೂ ಮುಳುಗಿದ್ದವರು. ಕಾದು ನೋಡುವ ತಾಳ್ಮೆ ಇದ್ದವರು. ಗರ್ಭಕೋಶ ಹೆರಿಗೆಯ ಹೊತ್ತಿಗೆ ಮಾತ್ರ ಹಿಂಡುತ್ತದೆ, ಅಲ್ಲಿಯತನಕ ಸುಮ್ಮನಿರುತ್ತದೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಹಿಕ್ಸ್ ಮಾಡಿದ್ದಿಷ್ಟೆ: ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒತ್ತದೆ, ಉಜ್ಜದೆ, ಹಾಗೇ ಕಾದರು. ಮೆತ್ತಗಿದ್ದ ಗರ್ಭಕೋಶ ತಂತಾನೇ ಬಿಗಿಯಾಯಿತು, ಕೆಲವು ನಿಮಿಷಕ್ಕೆ ಮತ್ತೆ ಸಡಿಲವಾಯಿತು. ಇನ್ನಷ್ಟು ಕಾದರೆ ಇನ್ನೊಮ್ಮೆ. ಮೂರನೇ ತಿಂಗಳಿನಿಂದಲೇ ಇದು ನಡೆಯುತ್ತಿರುತ್ತದೆ ಎಂದು 1872ರಲ್ಲಿ ಅವರು ಪ್ರಕಟಿಸಿದರು. ಅವರಿಗೆ ಅದು ಬೇಕಾಗಿದ್ದದ್ದು ಬೇರೆ ಕಾರಣಕ್ಕೆ: ಹೊಟ್ಟೆಯೊಳಗಿರುವುದು ಬಸುರೋ ಗಡ್ಡೆಯೋ ಎಂದು ಗುರುತಿಸಲು. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ನಮ್ಮ ಸೂಲಗಿತ್ತಿಯರೂ ಬಸುರಿಯರ ಹೊಟ್ಟೆಯ ಮೇಲೆ ಕೈಯಿಟ್ಟೇ ಕೆಲಸ ಮಾಡಿದವರು; ಅವರ ಅಂಗೈಗೆ ಈ ಬಿಗಿತ ತಿಳಿಯದೆ ಇದ್ದೀತು ಎಂದು ನನಗೆ ಅನ್ನಿಸುವುದಿಲ್ಲ. ಬರೆದಿಟ್ಟವರ ಹೆಸರು ಉಳಿಯಿತು.

ಕೈಗೆ ತಿಳಿದದ್ದನ್ನು ಅಳತೆಗೆ ತಂದವರು ಉರುಗ್ವೆ ದೇಶದ ಮಾಂಟೆವಿಡಿಯೋದ ಅಲ್ವಾರೆಜ್ ಮತ್ತು ಕಾಲ್ದೆಯ್‌ರೋ ಬಾರ್ಸಿಯಾ. 1940ರ ದಶಕದ ಕೊನೆಯಿಂದ ಅವರು ಹೊಟ್ಟೆಯ ಮೂಲಕ ಸಣ್ಣ ನಳಿಕೆಯನ್ನು ಗರ್ಭಜಲದೊಳಕ್ಕೆ ಇಳಿಸಿ ಒಳಗಿನ ಒತ್ತಡವನ್ನು ಗೆರೆಗಳಾಗಿ ದಾಖಲಿಸಿದರು. ದಿನ ತುಂಬುತ್ತ ಬಂದಂತೆ ಚದುರಿದ ಸಣ್ಣ ಬಿಗಿತಗಳು ದೊಡ್ಡದಾಗಿ, ಲಯಕ್ಕೆ ಬಂದು, ಹೆರಿಗೆಯ ನೋವಾಗಿ ಮಾಗುವುದು ಆ ಗೆರೆಗಳಲ್ಲಿ ಕಂಡಿತು. ನಡುವೆ ಗೋಡೆಯೇನೂ ಇರಲಿಲ್ಲ. ‘ಇದು ಹೆರಿಗೆಯೋ ಅಲ್ಲವೋ’ ಎಂಬುದನ್ನು ನೋವಿನ ಜೋರಿನಿಂದಷ್ಟೇ ಹೇಳಲಾಗದು, ಗರ್ಭಕೋಶದ ಬಾಯಿ ತೆರೆಯುತ್ತಿದೆಯೇ ಎಂದು ನೋಡಲೇಬೇಕು ಎನ್ನುವುದು ಇದಕ್ಕೇ.

ಸರಿ, ಜ್ವರಕ್ಕೂ ಇದಕ್ಕೂ ಏನು ನಂಟು? ಈ ಕತೆಯಲ್ಲಿ ನನಗೆ ಅತಿ ಬೆರಗಿನ ಭಾಗ ಇದೇ. 1930ರಲ್ಲಿ ನ್ಯೂಯಾರ್ಕಿನ ಕರ್ಜ್‌ರಾಕ್ ಮತ್ತು ಲೀಬ್ ಎಂಬಿಬ್ಬರು ಗರ್ಭಕೋಶದ ಸ್ನಾಯುವಿನ ಪಟ್ಟಿಗೆ ವೀರ್ಯ ಸೋಕಿಸಿದಾಗ ಅದು ಕೆಲವೊಮ್ಮೆ ಹಿಂಡುವುದನ್ನು, ಕೆಲವೊಮ್ಮೆ ಸಡಿಲವಾಗುವುದನ್ನು ಕಂಡರು. ಅದರಲ್ಲಿದ್ದ ವಸ್ತುವಿಗೆ ಸ್ವೀಡನ್ನಿನ ಫಾನ್ ಆಯ್ಲರ್ 1935ರಲ್ಲಿ ಪ್ರೊಸ್ಟಗ್ಲಾಂಡಿನ್ ಎಂದು ಹೆಸರಿಟ್ಟರು. ಜ್ವರ ಇಳಿಸುವ ಆಸ್ಪಿರಿನ್ ಕೆಲಸ ಮಾಡುವುದು ಈ ವಸ್ತುವಿನ ತಯಾರಿಕೆಯನ್ನು ತಡೆದು ಎಂದು ಜಾನ್ ವೇನ್ 1971ರಲ್ಲಿ ತೋರಿಸಿದ ಮೇಲೆ ಎಳೆಗಳು ಕೂಡಿಕೊಂಡವು. ಸೋಂಕು ತಗುಲಿದಾಗ ಮಿದುಳಿನಲ್ಲಿ ಜ್ವರ ಏರಿಸುವುದೂ ಗರ್ಭಕೋಶವನ್ನು ಹಿಂಡುವುದೂ ಒಂದೇ ಬಳಗದ ರಾಸಾಯನಿಕ! ಜ್ವರದ ಬಸುರಿಗೆ ಹೊಟ್ಟೆ ಬಿಗಿಯುವುದು ಅವಳ ಭ್ರಮೆಯಲ್ಲ, ಹೆದರಿಕೆಯೂ ಅಲ್ಲ. ಹಾಗೆಂದು ಮನೆಯಲ್ಲೇ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಗುಳಿಗೆ ನುಂಗಬಾರದು; ಕೊನೆಯ ತಿಂಗಳುಗಳಲ್ಲಿ ಅವು ಮಗುವಿನ ಹೃದಯದ ಬಳಿಯ ರಕ್ತನಾಳವೊಂದನ್ನು ಹೊತ್ತಿಗೆ ಮುಂಚೆಯೇ ಮುಚ್ಚಿಸಬಹುದು.

ಇನ್ನು ಆ ಸೋಂಕು ಎಲ್ಲಿಂದ? ಜಾಡು ಹಲವು ಬಾರಿ ಮೂತ್ರನಾಳಕ್ಕೆ ಹೋಗಿ ಮುಟ್ಟುತ್ತದೆ. 1950ರ ದಶಕದಲ್ಲಿ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಯಾಸ್ ಏನೂ ತೊಂದರೆ ಹೇಳದ ಬಸುರಿಯರ ಮೂತ್ರವನ್ನೂ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಹಾಕಿ ನೋಡಿದರು. ಉರಿಯಿಲ್ಲ, ಜ್ವರವಿಲ್ಲ, ಆದರೂ ಒಂದು ಮಿಲಿಲೀಟರ್‌ನಲ್ಲಿ 1 ಲಕ್ಷ ಮೀರಿದ ಬ್ಯಾಕ್ಟೀರಿಯಾ ಕೆಲವರಲ್ಲಿ. ಬಸುರಿಯರಲ್ಲಿ 100ಕ್ಕೆ 2ರಿಂದ 10 ಮಂದಿಗೆ ಹೀಗಿರುತ್ತದೆ ಎಂಬುದು ಈಗಿನ ಅಂದಾಜು. ಹಾಗೇ ಬಿಟ್ಟರೆ ಅವರಲ್ಲಿ ಹಲವರಿಗೆ ಸೋಂಕು ಮೂತ್ರಪಿಂಡಕ್ಕೆ ಏರಿ, ಚಳಿ ನಡುಕ, ಬೆನ್ನುನೋವು, ಆಮೇಲೆ ಹೊಟ್ಟೆ ಬಿಗಿತ. ಒಮ್ಮೊಮ್ಮೆ ಅದು ಸುಳ್ಳು ನೋವಾಗಿ ಉಳಿಯದೆ ದಿನ ತುಂಬದ ಹೆರಿಗೆಯೇ ಆಗಿಬಿಡುತ್ತದೆ. ಮೊದಲೇ ಪತ್ತೆ ಹಚ್ಚಿ ಮದ್ದು ಕೊಟ್ಟರೆ ಈ ಸರಪಳಿ ಅಲ್ಲೇ ಕಡಿಯುತ್ತದೆ ಎಂದು ಕ್ಯಾಸ್ ತೋರಿಸಿಕೊಟ್ಟರು.

ಬಾಸ್ಟನ್ನಿನ ಈ ಮಾತನ್ನು ನಾನು ಗುಂಡ್ಲುಪೇಟೆಯ ಚೆಂಡುಹೂವಿನ ಹೊಲದಲ್ಲಿ ನಿಂತು ಯೋಚಿಸುತ್ತೇನೆ. ಬೆಳಗಿನಿಂದ ಹೂ ಬಿಡಿಸುವ ಹೆಣ್ಣುಮಗಳಿಗೆ ಹೊಲದಲ್ಲಿ ಮರೆಯಿಲ್ಲ. ಮೂತ್ರ ತಡೆಯುತ್ತಾಳೆ, ತಡೆಯಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಬಸುರಿನಲ್ಲಿ ಮೂತ್ರದ ಹರಿವು ಮೊದಲೇ ನಿಧಾನ. ನೀರೂ ಕಡಿಮೆಯಾದರೆ ಸೋಂಕಿಗೆ ಇನ್ನೇನು ಬೇಕು? ಆಸ್ಪತ್ರೆಯ ಹಾಸಿಗೆಗಿಂತ ಮೊದಲು ಅವಳಿಗೆ ಬೇಕಾದ್ದು ಹೊಲದ ಬದುವಿನಲ್ಲೊಂದು ಮರೆ, ಒಂದು ಬಿಂದಿಗೆ ನೀರು. ಹೂವಿನಿಂದ ಲಾಭ ಕಾಣುವವರು ಇದನ್ನು ಒದಗಿಸಲೇಬೇಕು.

ಜ್ವರವಿಲ್ಲದೆ, ದಿನ ತುಂಬಿದ ಮೇಲೆ ಬರುವ ಬಿಗಿತ, ನೀರು ಕುಡಿದು ಎಡಮಗ್ಗುಲಲ್ಲಿ ಮಲಗಿದರೆ ಸಡಿಲವಾದೀತು. ಜ್ವರ ಇದ್ದರೆ, 37 ವಾರ ತುಂಬಿರದಿದ್ದರೆ, ನೀರು ಇಲ್ಲವೆ ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಮನೆಯಲ್ಲಿ ಕಾಯಬೇಡಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ. ಕಾಡಂಚಿನ ಹಾಡಿಯವರು ಬೆಳಗಾಗಲಿ ಎಂದು ಕೂರಬೇಕಾಗಿಲ್ಲ. ಸುಳ್ಳು ನೋವಾದರೆ ನಾಚಿಕೆ ಎಂದು ತಡೆಯಲೂ ಬೇಡಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಮೂತ್ರದಲ್ಲಿ ಸಕ್ಕರೆ, ಪ್ರೋಟೀನ್ ನೋಡಿದ ಮಾತ್ರಕ್ಕೆ ಕ್ಯಾಸ್ ಕಂಡ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಅದಕ್ಕೆ ಕಲ್ಚರ್ ಬೇಕು. ಆ ದಿನ ಹೋದಾಗ ಬಾಯಿಬಿಟ್ಟು ಕೇಳಿ.