ಶ್ರುತಿಪೆಟ್ಟಿಗೆಯ ಹಿಂದಿನ ಮನುಷ್ಯ: ಜಿ. ರಾಜನಾರಾಯಣ್ ಮತ್ತು ವಿದ್ಯುನ್ಮಾನ ತಂಬೂರಿ

ಹುಬ್ಬಳ್ಳಿಯ ದೇಶಪಾಂಡೆ ನಗರವೆಂದರೆ ಸಂಗೀತಾಸಕ್ತರಿಗೆ ಮೊದಲು ನೆನಪಾಗುವುದು ಗಂಗೂಬಾಯಿ ಹಾನಗಲ್ (1913–2009) ಅವರ ಮನೆ ‘ಗಂಗಾಲಹರಿ’. ಅಬ್ದುಲ್ ಕರೀಂಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿಯವರಿಗೆ ಹರಿದು ಬಂದ ಕಿರಾಣಾ ಗಾಯಕಿಯಲ್ಲಿ ಸ್ವರದ ನಿಲುಗಡೆಯೇ ಮುಖ್ಯ. ಆ ನಿಲುಗಡೆಗೆ ಆಧಾರ ತಂಬೂರಿ. ಇಂತಹ ನೆಲದಲ್ಲೂ ಗುಂಡಿ ತಿರುಗಿಸಿದರೆ ನುಡಿಯುವ ಪೆಟ್ಟಿಗೆ ಮನೆಮನೆಯ ರಿಯಾಜಿನ ಸಂಗಾತಿಯಾಯಿತೆಂಬುದು ವಾದ್ಯಗಳ ಅಧ್ಯಯನಕಾರರು ಗಮನಿಸಬೇಕಾದ ಸಂಗತಿ.

ವಿದ್ಯುನ್ಮಾನ ಸಂಗೀತವೆಂದರೆ ಪಶ್ಚಿಮದಲ್ಲಿ ಹಿಂದೆಂದೂ ಕೇಳದ ನಾದದ ಶೋಧ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಡೇವಿಡ್ ಟ್ಯೂಡರ್ ನೆರವಿನಿಂದ ಆರಂಭವಾದ ಸ್ಟುಡಿಯೋ ಕೂಡ ಅದೇ ಹಾದಿಯದು. ಕರ್ನಾಟಕದಲ್ಲಿ ಅದು ತುಳಿದ ದಾರಿ ಬೇರೆ. ಇಲ್ಲಿ ಯಂತ್ರವನ್ನು ದುಡಿಸಿಕೊಂಡದ್ದು ಅತ್ಯಂತ ಹಳೆಯ ನಾದಕ್ಕೆ, ಅಂದರೆ ಆಧಾರಶ್ರುತಿಗೆ.

ಬೆಂಗಳೂರಿನ ಜಿ. ರಾಜನಾರಾಯಣ್ ಇಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. 1979ರಲ್ಲಿ ಅವರು ರೂಪಿಸಿದ ವಿದ್ಯುನ್ಮಾನ ತಂಬೂರಿ ಈ ಬಗೆಯ ವಾದ್ಯಗಳಲ್ಲಿ ಮೊದಲಿನದೆಂದು ಮನ್ನಣೆ ಪಡೆದಿದೆ. ಅವರು ಸ್ಥಾಪಿಸಿದ ರಾಡೆಲ್ ಸಂಸ್ಥೆ ಮುಂದೆ ‘ತಾಲಮಾಲಾ’ ಎಂಬ ವಿದ್ಯುನ್ಮಾನ ತಬಲಾವನ್ನೂ ವಿದ್ಯುನ್ಮಾನ ವೀಣೆಯನ್ನೂ ಹೊರತಂದಿತು. ಸಂಗೀತಗಾರನ ಕಿವಿ ಮತ್ತು ಇಂಜಿನಿಯರನ ಕೈ ಒಬ್ಬನಲ್ಲಿಯೇ ಕೂಡಿದ್ದು ಇಲ್ಲಿ ಆಕಸ್ಮಿಕವಲ್ಲ, ಸಮಸ್ಯೆಯೇ ಅಂತಹದು.

ತಂಬೂರಿಯ ನಾಲ್ಕು ತಂತಿಗಳು ಸಾಮಾನ್ಯವಾಗಿ ಪಂಚಮ, ಎರಡು ಷಡ್ಜ, ಮಂದ್ರಷಡ್ಜಗಳನ್ನು ನುಡಿಯುತ್ತವೆ. ನಾಲ್ಕು ಸ್ವರಗಳನ್ನು ಸರದಿಯಂತೆ ಹೊರಡಿಸುವುದು ಯಂತ್ರಕ್ಕೆ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಕುದುರೆಯ ಮೇಲೆ, ತಂತಿಯ ಕೆಳಗೆ ಇಡುವ ನೂಲಿನೆಳೆಯಲ್ಲಿ. ಆ ಎಳೆಯನ್ನು ಕೂದಲೆಳೆಯಷ್ಟು ಸರಿಸಿದಾಗ ತಂತಿ ಕುದುರೆಯನ್ನು ಸವರುತ್ತ ಉಪಸ್ವರಗಳ ಝೇಂಕಾರವನ್ನು ಎಬ್ಬಿಸುತ್ತದೆ. ಇದೇ ಜವಾರಿ, ದಕ್ಷಿಣಾದಿಯವರಿಗೆ ಜೀವಾಳಿ. (ನಮ್ಮ ಭಾಗದಲ್ಲಿ ‘ಜವಾರಿ’ ಎಂದರೆ ನಾಟಿ ಎಂಬರ್ಥವೂ ಉಂಟು, ಆ ಅರ್ಥವೂ ಇಲ್ಲಿಗೆ ಹೊಂದುತ್ತದೆ.) ಈ ಝೇಂಕಾರವನ್ನು ಮೊದಲು ವಿದ್ಯುನ್ಮಂಡಲಗಳಿಂದ ಕಟ್ಟಬೇಕಾಯಿತು. ನಿಜವಾದ ತಂಬೂರಿಯ ಧ್ವನಿಯನ್ನೇ ಅಂಕೀಯವಾಗಿ ಸಂಗ್ರಹಿಸಿ ನುಡಿಸುವ ಮಾದರಿಗಳು ಬಂದದ್ದು ಅನಂತರ.

ಜನಪದರಿಗೆ ಶ್ರುತಿಯ ಚಿಂತೆ ಹೊಸದೇನಲ್ಲ. ತತ್ತ್ವಪದಕಾರನ ಏಕತಾರಿ, ಗೀಗೀ ಮೇಳದ ತುಂತುಣಿ ಹಾಡುವವನ ಕೈಯಲ್ಲಿಯೇ ಇರುತ್ತವೆ. ಹಿಮ್ಮೇಳದ ‘ಗೀ ಗೀ’ ಎಂಬ ಎಳೆತವೂ ಒಂದು ಬಗೆಯ ಶ್ರುತಿಯೇ. ಯಕ್ಷಗಾನದಲ್ಲಿ ಪುಂಗಿಯ ಸ್ಥಾನಕ್ಕೆ ಹಾರ್ಮೋನಿಯಂ, ಅದರ ಸ್ಥಾನಕ್ಕೆ ವಿದ್ಯುನ್ಮಾನ ಪೆಟ್ಟಿಗೆ ಬಂದಿವೆ. ಆದ್ದರಿಂದ ಈ ಪಲ್ಲಟವನ್ನು ಪರಂಪರೆಯ ಭಂಗವೆಂದು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ತಂಬೂರಿ ಕೊಳ್ಳಲಾಗದ, ಶ್ರುತಿ ಹಿಡಿಯಲು ಜೊತೆಗಾರರಿಲ್ಲದ ವಿದ್ಯಾರ್ಥಿಗೆ ಈ ಪೆಟ್ಟಿಗೆಯಿಂದಾದ ಉಪಕಾರ ದೊಡ್ಡದು.

ನಷ್ಟವೂ ಇದೆ, ಅದು ನಾದಕ್ಕಿಂತ ಹೆಚ್ಚಾಗಿ ಕಲಿಕೆಯದು. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುವುದೇ ಶಿಷ್ಯನ ಮೊದಲ ಪಾಠವಾಗಿತ್ತು. ತಂತಿ ಕೂಡಿಸುತ್ತ ಕೂಡಿಸುತ್ತ ಕಿವಿ ಪಳಗುತ್ತಿತ್ತು. ಪೆಟ್ಟಿಗೆ ಆ ಶ್ರಮವನ್ನು ತಾನೇ ವಹಿಸಿಕೊಂಡಿತು. ಈಗ ಮೊಬೈಲು ಪೆಟ್ಟಿಗೆಯನ್ನೂ ನುಂಗುತ್ತಿದೆ. ಮೀರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತು, ಅಲ್ಲಿಯ ಕುಂಬಳಬುರುಡೆಯ ಕಸುಬಿಗೆ ದಾಖಲೆಯ ಬಲವೊಂದು ಒದಗಿದೆ. ಮೊದಲ ದಶಕದ ಶ್ರುತಿಪೆಟ್ಟಿಗೆಗಳನ್ನು, ಅವುಗಳ ಮಂಡಲ ನಕ್ಷೆಗಳ ಸಹಿತ, ನಮ್ಮ ವಾದ್ಯ ಸಂಗ್ರಹಾಲಯಗಳು ತುಂತುಣಿ, ಏಕತಾರಿಗಳ ಪಕ್ಕದಲ್ಲಿಯೇ ಇರಿಸಿಕೊಳ್ಳುವುದು ಉಚಿತ.