ಹದಿನೆಂಟು ವರ್ಷಗಳ ನಂತರ ಮತ್ತೆ ಉರುಳಿದ ಕಲ್ಲುಗಳು



ಕನ್ನಡ ಸಂಘದ ಇ-ಪತ್ರಿಕೆಯಲ್ಲಿ ರಾಕ್ ಬ್ಯಾಂಡಿನ ಬಗ್ಗೆ ಲೇಖನವೇ ಎಂದು ಹುಬ್ಬೇರಿಸಬೇಡಿ. ಇಲ್ಲಿ ಯು.ಕೆ.ಯಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರು ಬೆಂಗಳೂರು, ಮೈಸೂರು, ಸುರತ್ಕಲ್‌ಗಳ ಹಾಸ್ಟೆಲುಗಳಲ್ಲಿ ಬೆಳೆದವರು. ಒಂದು ಕೋಣೆಯಿಂದ ಪಿ.ಬಿ. ಶ್ರೀನಿವಾಸ್, ಪಕ್ಕದ ಕೋಣೆಯಿಂದ ರೋಲಿಂಗ್ ಸ್ಟೋನ್ಸ್ ಕೇಳಿಸುತ್ತಿದ್ದ ಕಾಲ ಅದು. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿ ಬರೆದು ಅಂಗಡಿಯವನ ಕೈಗೆ ಕೊಟ್ಟು, ವಾರಗಟ್ಟಲೆ ಕಾದದ್ದು ನೆನಪಿದೆಯೇ? ಹಾಗೆ ತುಂಬಿಸಿದ ಒಂದು ಕ್ಯಾಸೆಟ್ ನಮ್ಮ ಮನೆಯ ಅಟ್ಟದಲ್ಲಿ ಇನ್ನೂ ಇದೆ. ಹಾಕಿ ಕೇಳಲು ಟೇಪ್ ರೆಕಾರ್ಡರ್ ಮಾತ್ರ ಇಲ್ಲ!

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಭಾರತದಲ್ಲಿ ಅದೇ ಅವರ ಮೊದಲ ಕಾರ್ಯಕ್ರಮ. ನಾನು ಆಗ ಬೆಂಗಳೂರಿನಲ್ಲೇ ಇದ್ದೆ. ಗೆಳೆಯರು ಟಿಕೆಟ್ ತೆಗೆದುಕೊಂಡರು. ಆಫೀಸಿನಲ್ಲಿ ಕೆಲಸ ಮುಗಿದಿರಲಿಲ್ಲ, "ಮುಂದಿನ ಸಲ ನೋಡಿದರಾಯಿತು ಬಿಡ್ರೋ" ಎಂದುಬಿಟ್ಟೆ. ಆ ಮುಂದಿನ ಸಲ ಬೆಂಗಳೂರಿಗೆ ಬರಲೇ ಇಲ್ಲ.

ಆ "ಮುಂದಿನ ಸಲ"ದ ರೋಗ ನನ್ನಂಥವರಿಗೆ ಮಾತ್ರ ಅಂದುಕೊಂಡಿದ್ದೆ. ಸ್ಟೋನ್ಸ್‌ಗೂ ಅದು ಅಂಟಿತ್ತು ಎಂದು ಆಮೇಲೆ ತಿಳಿಯಿತು. 2005ರ ಸೆಪ್ಟೆಂಬರ್‌ನಲ್ಲಿ 'ಎ ಬಿಗ್ಗರ್ ಬ್ಯಾಂಗ್' ಆಲ್ಬಮ್ ಬಂತು. ಅದಾದ ಮೇಲೆ ತಾವೇ ಕಟ್ಟಿದ ಹೊಸ ಹಾಡುಗಳ ಆಲ್ಬಮ್ ಹೊರಬಿದ್ದದ್ದು 2023ರ ಅಕ್ಟೋಬರ್ 20ರಂದು: 'ಹ್ಯಾಕ್ನಿ ಡೈಮಂಡ್ಸ್'. ನಡುವೆ ಹದಿನೆಂಟು ವರ್ಷ! 2005ರಲ್ಲಿ ಹುಟ್ಟಿದ ಮಗು ಆ ಹೊತ್ತಿಗೆ ಯೂನಿವರ್ಸಿಟಿ ಸೇರಿತ್ತು. ಅಷ್ಟು ತಡ ಯಾಕಾಯಿತು, ಕೊನೆಗೆ ಹೇಗೆ ಮುಗಿಯಿತು ಎಂಬುದೇ ಒಂದು ಒಳ್ಳೆಯ ಕಥೆ.

ತಡ ಯಾಕೆ?

ಅವರು ಸುಮ್ಮನೆ ಕುಳಿತಿರಲಿಲ್ಲ. ಊರೂರು ಸುತ್ತಿ ಕಾರ್ಯಕ್ರಮ ಕೊಡುತ್ತಲೇ ಇದ್ದರು. ತೊಂದರೆ ಇದ್ದದ್ದೇ ಅಲ್ಲಿ. ನಮ್ಮ ರಾಜ್ಯೋತ್ಸವದ ಆರ್ಕೆಸ್ಟ್ರಾ ನೆನಪಿಸಿಕೊಳ್ಳಿ. ಅಣ್ಣಾವ್ರ ಹಳೆಯ ಹಾಡು ಶುರುವಾದರೆ ಸಭೆಯೆಲ್ಲ ದನಿಗೂಡಿಸುತ್ತದೆ. ಗಾಯಕರು "ಇದು ನನ್ನದೇ ಹೊಸ ರಚನೆ" ಅಂದರೆ ಸಾಕು, ಅರ್ಧ ಜನ ಎದ್ದು ಬೋಂಡಾ, ಕಾಫಿ ಕಡೆ ಹೊರಡುತ್ತಾರೆ. ಸ್ಟೋನ್ಸ್ ಸಭೆಯಲ್ಲೂ ಇದೇ ಕಥೆ, ಬೋಂಡಾ ಬದಲು ಬಿಯರ್ ಅಷ್ಟೇ. ಅರವತ್ತರ ದಶಕದ 'ಸ್ಯಾಟಿಸ್‌ಫ್ಯಾಕ್ಷನ್'ಗೆ ಕ್ರೀಡಾಂಗಣ ತುಂಬುವಾಗ ಹೊಸ ಹಾಡಿಗಾಗಿ ತಲೆ ಕೆಡಿಸಿಕೊಳ್ಳುವುದು ಯಾಕೆ? ಇಂಟರ್ನೆಟ್ಟಿನಲ್ಲಿ ಹಾಡು ಹೆಚ್ಚುಕಡಿಮೆ ಬಿಟ್ಟಿ ಸಿಗತೊಡಗಿದ ಮೇಲಂತೂ ಬ್ಯಾಂಡುಗಳ ಹೊಟ್ಟೆ ತುಂಬಿಸುವುದು ಕಾರ್ಯಕ್ರಮದ ಟಿಕೆಟ್ಟೇ ಹೊರತು ಆಲ್ಬಮ್ ಅಲ್ಲ.

ಪ್ರಯತ್ನವೇ ಆಗಲಿಲ್ಲ ಎಂದೂ ಅಲ್ಲ. 2015ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಹೊಸ ಹಾಡುಗಳಿಗೆಂದೇ ಕೂತರು. ಕೆಲಸ ಸಾಗಲಿಲ್ಲ. ಕೈ ಬಿಸಿಯಾಗಲಿ ಎಂದು ಹುಡುಗರಾಗಿದ್ದಾಗ ಕಲಿತ ಬ್ಲೂಸ್ ಹಾಡುಗಳನ್ನು ನುಡಿಸಿದರು. ಮೂರೇ ದಿನದಲ್ಲಿ ಅದೇ ಒಂದು ಆಲ್ಬಮ್ ಆಯಿತು. 2016ರಲ್ಲಿ ಬಂದ 'ಬ್ಲೂ ಅಂಡ್ ಲೋನ್ಸಮ್' ಅದು. ಚೆನ್ನಾಗಿದೆ, ಆದರೆ ಹಾಡುಗಳೆಲ್ಲ ಬೇರೆಯವರವು. ತಮ್ಮ ಹೊಸ ಹಾಡುಗಳು ಹಾಗೇ ಉಳಿದವು.

2021ರ ಆಗಸ್ಟ್ 24ರಂದು ಡ್ರಮ್ಸ್ ನುಡಿಸುತ್ತಿದ್ದ ಚಾರ್ಲಿ ವಾಟ್ಸ್ ತೀರಿಕೊಂಡರು. ವಯಸ್ಸು ಎಂಬತ್ತು. 1963ರ ಜನವರಿಯಲ್ಲಿ ಸೇರಿದವರು, ಐವತ್ತೆಂಟು ವರ್ಷ ಅದೇ ಬ್ಯಾಂಡಿನಲ್ಲಿ ಕೂತಿದ್ದರು.

ಚಾರ್ಲಿ ಯಾಕೆ ಮುಖ್ಯ?

ಮಿಕ್ ಜ್ಯಾಗರ್ ಕುಣಿದು ಹಾಡುತ್ತಾರೆ, ಕೀತ್ ರಿಚರ್ಡ್ಸ್ ಗಿಟಾರ್ ಹಿಡಿದು ನಿಲ್ಲುತ್ತಾರೆ, ಎಲ್ಲರ ಕಣ್ಣು ಅವರ ಮೇಲೆ. ಹಿಂದೆ ಸೂಟು ತೊಟ್ಟರೆ ಬ್ಯಾಂಕ್ ಮ್ಯಾನೇಜರ್ ಹಾಗೆ ಕಾಣುತ್ತಿದ್ದ ಚಾರ್ಲಿ, ಚಿಕ್ಕ ಡ್ರಮ್ ಸೆಟ್ ಮುಂದೆ. ಮನಸ್ಸಿನಲ್ಲಿ ಅವರು ಜಾಝ್ ಸಂಗೀತದವರು. ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಲೆಕ್ಕ ಹಾಕುತ್ತಿರುತ್ತದೆ. ಎಡಗೈ ಸ್ನೇರ್ ಡ್ರಮ್ಮಿಗೆ ಪೆಟ್ಟು ಕೊಡುವಾಗ ಬಲಗೈಯನ್ನು ಎತ್ತಿಬಿಡುತ್ತಿದ್ದರು. ಆ ಪೆಟ್ಟಿನ ಸುತ್ತ ಒಂದಿಷ್ಟು ಮೌನ ಉಳಿಯುತ್ತದೆ. ಇದು ಅವರ ಗುರುತು. ಹಳೆಯ ವಿಡಿಯೋಗಳಲ್ಲಿ ಅವರ ಬಲಗೈಯನ್ನೇ ನೋಡಿ, ಗೊತ್ತಾಗುತ್ತದೆ. ಒಳ್ಳೆಯ ಮೃದಂಗದವರು ಎಲ್ಲಿ ನುಡಿಸಬಾರದು ಎಂದು ತಿಳಿದಿರುತ್ತಾರೆ ಎನ್ನುತ್ತೇವಲ್ಲ, ಹಾಗೆ.

ಆರೋಗ್ಯ ಕೆಟ್ಟಾಗ ತಮ್ಮ ಬದಲಿಗೆ ಸ್ಟೀವ್ ಜೋರ್ಡನ್ ನುಡಿಸಲಿ ಎಂದು ಚಾರ್ಲಿಯೇ ಒಪ್ಪಿಗೆ ಕೊಟ್ಟಿದ್ದರು. ಸ್ಟೀವ್ ಎಂಬತ್ತರ ದಶಕದಿಂದ ಕೀತ್ ಜೊತೆ ನುಡಿಸಿದವರು. 2022ರ ಬೇಸಿಗೆಯಲ್ಲಿ ಸ್ಟೋನ್ಸ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎರಡು ಕಾರ್ಯಕ್ರಮ ಕೊಟ್ಟಾಗ, ಈ ಸಲ ತಪ್ಪಿಸಿಕೊಳ್ಳಬಾರದೆಂದು ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಚೆನ್ನಾಗಿತ್ತು. "ಅಪ್ಪ, ಡ್ರಮ್ಸ್ ತಾತ ಯಾರು?" ಎಂದು ಅವಳು ಕೇಳಿದಾಗ ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

ಮುಗಿಸಿದ್ದು ಹೇಗೆ?

ದಿನ ಗೊತ್ತು ಮಾಡಿ! ಜ್ಯಾಗರ್ ಒಂದು ಗಡುವು ಹಾಕಿದರು. 2022ರ ಕೊನೆಗೆ ರೆಕಾರ್ಡಿಂಗ್, 2023ರ ಫೆಬ್ರುವರಿ 14ಕ್ಕೆ, ಅಂದರೆ ವ್ಯಾಲೆಂಟೈನ್ಸ್ ಡೇಗೆ, ಎಲ್ಲ ಮುಗಿದಿರಬೇಕು. ನೋಡಿಕೊಳ್ಳಲು ಆಂಡ್ರ್ಯೂ ವಾಟ್ ಎಂಬ ಮೂವತ್ತೆರಡರ ಹುಡುಗನನ್ನು ನಿರ್ಮಾಪಕನಾಗಿ ತಂದರು. ಮೊಮ್ಮಗನ ವಯಸ್ಸಿನವನು ಅಜ್ಜಂದಿರನ್ನು ಕೂರಿಸಿ ಕೆಲಸ ಮಾಡಿಸಿದ ಹಾಗೆ. ಬೇಗ ಬೇಗ ಇಪ್ಪತ್ತಮೂರು ಹಾಡುಗಳು ರೆಕಾರ್ಡ್ ಆದವು, ಹನ್ನೆರಡು ಆಲ್ಬಮ್ಮಿಗೆ ಆಯ್ಕೆಯಾದವು. ವರ್ಷಾನುಗಟ್ಟಲೆ ಆಗದ್ದು ಕೆಲವೇ ತಿಂಗಳಲ್ಲಿ ಆಯಿತು. ಆಲ್ಬಮ್ ಬಂದಾಗ ಜ್ಯಾಗರ್‌ಗೆ ಎಂಬತ್ತು, ಕೀತ್‌ಗೆ ಎಪ್ಪತ್ತೊಂಬತ್ತು, ರಾನಿ ವುಡ್‌ಗೆ ಎಪ್ಪತ್ತಾರು. ಕೀತ್ ಬೆರಳುಗಳಿಗೆ ಸಂಧಿವಾತ ಬೇರೆ.

ಹೆಸರಿನ ಬಗ್ಗೆ ಒಂದು ಮಾತು. ಹ್ಯಾಕ್ನಿ ಪೂರ್ವ ಲಂಡನ್ನಿನ ಒಂದು ಭಾಗ. ಕಳ್ಳರು ಅಂಗಡಿಯದೋ ಕಾರಿನದೋ ಗಾಜು ಒಡೆದು ಹೋದ ಮೇಲೆ ರಸ್ತೆಯಲ್ಲಿ ಮಿಣಮಿಣ ಹೊಳೆಯುವ ಚೂರುಗಳಿಗೆ ಲಂಡನ್ನಿಗರು ಇಟ್ಟ ತಮಾಷೆಯ ಹೆಸರು 'ಹ್ಯಾಕ್ನಿಯ ವಜ್ರಗಳು'. ಆಲ್ಬಮ್ ಘೋಷಣೆಗೆ ಮುಂಚೆ, 2023ರ ಆಗಸ್ಟ್‌ನಲ್ಲಿ, 'ಹ್ಯಾಕ್ನಿ ಗೆಜೆಟ್' ಎಂಬ ಸ್ಥಳೀಯ ಪತ್ರಿಕೆಯಲ್ಲಿ ಗಾಜು ರಿಪೇರಿ ಅಂಗಡಿಯ ಜಾಹೀರಾತು ಕಾಣಿಸಿತು. ಓದಿದರೆ ಒಳಗೆ ಸ್ಟೋನ್ಸ್ ಹಾಡುಗಳ ಹೆಸರುಗಳು! ಅಭಿಮಾನಿಗಳು ಪತ್ತೆ ಹಚ್ಚಿಬಿಟ್ಟರು.

ಇಲ್ಲದವರೂ ನುಡಿಸಿದ್ದು ಹೇಗೆ?

ಈ ಆಲ್ಬಮ್ಮಿನ ಎರಡು ಹಾಡುಗಳಲ್ಲಿ ಚಾರ್ಲಿಯ ಡ್ರಮ್ಸ್ ಇದೆ: 'ಮೆಸ್ ಇಟ್ ಅಪ್' ಮತ್ತು 'ಲಿವ್ ಬೈ ದಿ ಸ್ವೋರ್ಡ್'. ಅವು 2019ರಲ್ಲಿ, ಅವರು ಬದುಕಿದ್ದಾಗಲೇ ನುಡಿಸಿಟ್ಟವು. ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡುತ್ತಾರೆ. ಸಾರಿಗೆ ಬೇಳೆ ಬೇಯಿಸಿಟ್ಟ ಹಾಗೆ ಎನ್ನಿ, ಒಗ್ಗರಣೆ ಯಾವಾಗ ಬೇಕಾದರೂ ಹಾಕಬಹುದು. ಚಾರ್ಲಿಯ ಪೆಟ್ಟುಗಳನ್ನು ಹಾಗೇ ಇಟ್ಟು, ಮೇಲೆ ಉಳಿದವರು ನುಡಿಸಬಹುದು.

'ಲಿವ್ ಬೈ ದಿ ಸ್ವೋರ್ಡ್'ಗೆ ಅವರು ಇನ್ನೊಂದು ಕೆಲಸ ಮಾಡಿದರು. 1993ರಲ್ಲಿ ಬ್ಯಾಂಡ್ ಬಿಟ್ಟಿದ್ದ ಬಿಲ್ ವೈಮನ್‌ರನ್ನು ಬೇಸ್ ಗಿಟಾರ್ ನುಡಿಸಲು ಕರೆದರು. ಎಂಬತ್ತಾರು ದಾಟುತ್ತಿದ್ದ ಬಿಲ್ ಬಂದು, ಚಾರ್ಲಿಯ ತಾಳಕ್ಕೆ ತಮ್ಮ ಬೇಸ್ ಕೂಡಿಸಿದರು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಕ್ಕಪಕ್ಕ ನಿಂತು ನುಡಿಸಿದ ಜೋಡಿ, ಒಬ್ಬರು ಹೋದ ಮೇಲೆ ಮತ್ತೆ ಒಂದೇ ಹಾಡಿನಲ್ಲಿ. ಅದೇ ಹಾಡಿಗೆ ಪಿಯಾನೋ ಎಲ್ಟನ್ ಜಾನ್ ಅವರದು.

ಕೇಳುವುದಾದರೆ...

ಇಡೀ ಆಲ್ಬಮ್ ಮುಕ್ಕಾಲು ಗಂಟೆ ಚಿಲ್ಲರೆ. ಮನೆಮಂದಿಯೆಲ್ಲ ಕಾರಿನಲ್ಲಿ ಹೊರಟಾಗ ಒಮ್ಮೆ ಹಾಕಿ. ನನಗೆ ಹಿಡಿಸಿದ ಮೂರನ್ನು ಹೇಳುತ್ತೇನೆ.

ಮೊದಲನೆಯದು 'ಬೈಟ್ ಮೈ ಹೆಡ್ ಆಫ್'. ಇದರಲ್ಲಿ ಬೇಸ್ ಗಿಟಾರ್ ನುಡಿಸಿದವರು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ! ಬೀಟಲ್ಸ್ ದೊಡ್ಡವರೋ ಸ್ಟೋನ್ಸ್ ದೊಡ್ಡವರೋ ಎಂದು ಹಾಸ್ಟೆಲಿನಲ್ಲಿ ಕೈ ಕೈ ಮಿಲಾಯಿಸಿದ ನಮ್ಮ ಗೆಳೆಯರು ಇದನ್ನು ಕೇಳಲೇಬೇಕು. ನಿಜಕ್ಕೂ ಅವರಲ್ಲಿ ಜಗಳವೇನೂ ಇರಲಿಲ್ಲ. 1963ರಲ್ಲಿ ಸ್ಟೋನ್ಸ್‌ನ ಎರಡನೇ ಸಿಂಗಲ್‌ಗೆ ಹಾಡು ಬರೆದುಕೊಟ್ಟವರೇ ಲೆನನ್ ಮತ್ತು ಮೆಕಾರ್ಟ್ನಿ.

ಎರಡನೆಯದು 'ಸ್ವೀಟ್ ಸೌಂಡ್ಸ್ ಆಫ್ ಹೆವನ್'. ಏಳು ನಿಮಿಷಕ್ಕೂ ಉದ್ದ. ಸ್ಟೀವಿ ವಂಡರ್ ಕೀಬೋರ್ಡಿನಲ್ಲಿ, ಲೇಡಿ ಗಾಗಾ ಹಾಡಿನಲ್ಲಿ. ಹಾಡು ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಎದ್ದುಬಿಡುತ್ತದೆ. ಎಂಬತ್ತರ ಜ್ಯಾಗರ್ ಮತ್ತು ಮೂವತ್ತರ ಹರೆಯದ ಗಾಗಾ ಸವಾಲು-ಜವಾಬು ಹಾಡುವುದನ್ನು ಮಕ್ಕಳಿಗೆ ಕೇಳಿಸಿ. ಗಾಗಾ ಹೆಸರಿಗಾದರೂ ಕಿವಿಯಿಂದ ಇಯರ್‌ಫೋನ್ ತೆಗೆಯುತ್ತಾರೆ!

ಮೂರನೆಯದು ಕೊನೆಯ ಹಾಡು, 'ರೋಲಿಂಗ್ ಸ್ಟೋನ್ ಬ್ಲೂಸ್'. ಇದು ಅವರದಲ್ಲ. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ್ದು. 1961ರಲ್ಲಿ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಮಿಕ್ ಮತ್ತು ಕೀತ್ ಎದುರಾದಾಗ ಮಿಕ್ ಕಂಕುಳಲ್ಲಿ ಇದ್ದದ್ದು ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್ ರೆಕಾರ್ಡುಗಳು. ಮರುವರ್ಷ ಬ್ಯಾಂಡಿಗೆ ಹೆಸರು ಬಂದದ್ದು ಈ ಹಾಡಿನಿಂದಲೇ. ದಾಸರಿಗೆ ಅಂಕಿತವಿದ್ದ ಹಾಗೆ ಅದೇ ಅವರ ಗುರುತಾಯಿತು. ಆದರೂ ಆ ಹಾಡು ಅವರ ಆಲ್ಬಮ್ಮಿಗೆ ಬರಲು ಅರವತ್ತೊಂದು ವರ್ಷ ಬೇಕಾಯಿತು. ಡ್ರಮ್ಸ್ ಇಲ್ಲ, ಅತಿಥಿಗಳಿಲ್ಲ. ಮಿಕ್ ಕಂಠ ಮತ್ತು ಮೌತ್ ಆರ್ಗನ್, ಕೀತ್ ಗಿಟಾರ್, ಅಷ್ಟೇ. ಸ್ಟೇಷನ್ನಿನಲ್ಲಿ ಸಿಕ್ಕ ಇಬ್ಬರು ಹುಡುಗರು ಎಂಬತ್ತರಲ್ಲಿ ಎದುರುಬದುರು ಕೂತ ಹಾಗಿದೆ.

ಎಲ್ಲವೂ ಚೆನ್ನಾಗಿದೆ ಎನ್ನಲಾರೆ. ಕೆಲವು ಹಾಡುಗಳು ಅತಿ ನುಣುಪು, ಹಳೆಯ ಒರಟುತನ ಕಡಿಮೆ. ಆದರೂ ಬ್ರಿಟನ್ನಿನಲ್ಲಿ ಆಲ್ಬಮ್ ಮೊದಲ ಸ್ಥಾನಕ್ಕೇರಿತು, 2025ರ ಫೆಬ್ರುವರಿಯಲ್ಲಿ ಅತ್ಯುತ್ತಮ ರಾಕ್ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅಂದ ಹಾಗೆ, 2024ರ ಅವರ ಅಮೆರಿಕ ಪ್ರವಾಸದ ಪ್ರಾಯೋಜಕರು ಯಾರು ಗೊತ್ತೇ? ಎ.ಎ.ಆರ್.ಪಿ., ಅಂದರೆ ಅಲ್ಲಿನ ಹಿರಿಯ ನಾಗರಿಕರ ಸಂಸ್ಥೆ. ಒಂದು ಕಾಲದಲ್ಲಿ ಇವರಿಂದ ಮಕ್ಕಳು ಕೆಡುತ್ತಾರೆ ಎಂದು ಅಪ್ಪ-ಅಮ್ಮಂದಿರು ಹೆದರುತ್ತಿದ್ದ ಬ್ಯಾಂಡ್!

ಕೊನೆಗೆ ನಮ್ಮ ಮಾತು

ಚಾರ್ಲಿಯ ಆ ಎರಡು ಹಾಡುಗಳನ್ನು ಕೇಳುವಾಗ ನನಗೆ ನಮ್ಮ ಸಂಘದ ತಬಲಾ ಅಂಕಲ್ ನೆನಪಾಗುತ್ತಾರೆ. ಇಪ್ಪತ್ತು ವರ್ಷ ಯುಗಾದಿ, ರಾಜ್ಯೋತ್ಸವಗಳಲ್ಲಿ ನಮ್ಮ ಭಾವಗೀತೆ ತಂಡದ ಹಿಂದೆ ಕೂತು ನುಡಿಸಿದವರು. "ಒಂದು ಸಿ.ಡಿ. ಮಾಡೋಣ ಕಣ್ರಯ್ಯಾ" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ನಾವು ಪ್ರತಿ ವರ್ಷ "ಮುಂದಿನ ವರ್ಷ ಅಂಕಲ್" ಎನ್ನುತ್ತಿದ್ದೆವು. ಈಗ ಅವರಿಲ್ಲ. ತಂಡದ ಒಬ್ಬರ ಫೋನಿನಲ್ಲಿ ಪ್ರ್ಯಾಕ್ಟೀಸ್ ಮಾಡುವಾಗ ಹಿಡಿದ ಎರಡು ಹಾಡು ಸಿಕ್ಕಿವೆ. ನಡುವೆ ಯಾರೋ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವುದೂ ಇದೆ. ಅವರ ತಬಲಾ ಮಾತ್ರ ಸ್ಪಷ್ಟವಾಗಿದೆ.

ಹಾಗಾಗಿ ನಾವೂ ದಿನ ಗೊತ್ತು ಮಾಡಿದ್ದೇವೆ. ಮುಂದಿನ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ, ನಮ್ಮ ಮನೆಯಲ್ಲಿ. ಹಾಡುವವರು, ಹಾರ್ಮೋನಿಯಂ ಇರುವವರು, ಮೈಕ್ ಹಿಡಿಯಲು ಗೊತ್ತಿರುವ ಮಕ್ಕಳು, ಎಲ್ಲರೂ ಬನ್ನಿ. ಊಟ ಮುಗಿಸಿಕೊಂಡು ಬಂದರೆ ಒಳ್ಳೆಯದು, ಬೋಂಡಾ ರೆಕಾರ್ಡಿಂಗ್ ಆದ ಮೇಲೆ ಮಾತ್ರ!