ಹುಲ್ಲುಹಾಸಿಗೆ ಇನ್ನೊಂದು ತುಂತುರು

ಅಂಗಳದ ಹುಲ್ಲುಹಾಸು ಹಿಗ್ಗಿದಂತೆ ಹಳೆಯ ಕೊಳವೆಗೆ ಇನ್ನೆರಡು ಸ್ಪ್ರಿಂಕ್ಲರ್ ಜೋಡಿಸುವ ಆಸೆ ಸಹಜವಷ್ಟೆ. ಆದರೆ ಪಂಕ್ತಿ ಉದ್ದವಾದಂತೆ ಎಲೆಗೆ ಬೀಳುವ ಅನ್ನ ಕಡಮೆಯಾಗುವುದುಂಟು. ಆದುದರಿಂದ ಮೊದಲು ಅಳೆಯಬೇಕು. 10 ಲೀಟರಿನ ಬಕೆಟ್ಟು 30 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 20 ಲೀಟರು. ಒತ್ತಡ ಕುಸಿಯದಿರಲೆಂದು ಅದರ ಕಾಲುಭಾಗವನ್ನು ಬಿಟ್ಟರೆ ಉಳಿದದ್ದು 15. ಒಂದೊಂದಕ್ಕೆ 5 ಲೀಟರು ಬೇಕೆಂದರೆ ಮೂರಕ್ಕೇ ಮುಗಿಯಿತು. ನಾಲ್ಕನೆಯದನ್ನು ಸೇರಿಸಿದರೆ ಎಲ್ಲವೂ ಸೊರಗುತ್ತವೆ. ಅದಕ್ಕೆ ಬೇರೆ ವಾಲ್ವು, ಬೇರೆ ಸರದಿ ಕೊಡಬೇಕು. ಒಂದರ ಹನಿ ಇನ್ನೊಂದರ ಬುಡ ಮುಟ್ಟುವಂತೆ ನೆಟ್ಟರೆ ನಡುವೆ ಒಣನೆಲ ಉಳಿಯದು.

ಇನ್ನೊಂದು ಮಾತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದೂ ತಪ್ಪಿದರೆ 5,000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿತ್ತು. ಹಸುರನ್ನು ವಿಸ್ತರಿಸುವ ಮುನ್ನ ನೀರಿನ ಮೂಲವನ್ನು ವಿಚಾರಿಸುವುದು ವಿವೇಕ.